ತಟ್ಟೆಗಳು ಮನೆಮನೆ ತಿರುಗಿದ ವರ್ಷ

ಅಂಟುವಾಳದ ಕಾಯಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಕಿವುಚಿದರೆ ಒಂದು ವಾಸನೆ ಬರುತ್ತದೆ. ಹುಳಿಯೂ ಅಲ್ಲ, ಕಹಿಯೂ ಅಲ್ಲ, ಹಳೇ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದ ಹಾಗೆ. ಹೋದ ತಿಂಗಳು ಗಂಗಾನಗರದ ಒಂದು ಶಾಲೆಯ ಗೇಟು ದಾಟಿದ್ದೇ ತಡ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ಅಂಗಳದಲ್ಲಿ ಮಕ್ಕಳು ಊಟ ಮುಗಿಸಿ, ಅವರವರ ಸ್ಟೀಲ್ ತಟ್ಟೆ ಹಿಡಿದುಕೊಂಡು ಎರಡು ಟಬ್ಬಿನ ಮುಂದೆ ಸಾಲಾಗಿ ನಿಂತಿದ್ದರು. ಒಂದರಲ್ಲಿ ಅಂಟುವಾಳದ ನೊರೆ, ಇನ್ನೊಂದರಲ್ಲಿ ಬರೀ ನೀರು. ತೊಳೆದ ನೀರು ಹಾಗೇ ಹರಿದು ಬಾಳೆಗಿಡದ ಬುಡಕ್ಕೆ ಹೋಗುತ್ತಿತ್ತು. ಪಕ್ಕದಲ್ಲಿ ಒಂದು ದೊಡ್ಡ ಡ್ರಮ್ಮು, ಎಂಜಲು ಅನ್ನವೆಲ್ಲ ಅದರೊಳಗೆ, ಮೇಲೊಂದು ಪದರ ಒಣಗಿದ ಎಲೆ.

ಇದನ್ನೆಲ್ಲ ಮಾಡಿಸಿದವಳು ನನ್ನ ಮೊಮ್ಮಗಳು ಚೈತ್ರ. ಆ ಶಾಲೆಯ ವಿಜ್ಞಾನದ ಮೇಡಂ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವಳೂ ಅವಳೇ. ಹೆಡ್ ಮೇಡಂ ಬಂದು, ನೀವು ಚೈತ್ರ ಅವರ ಅಜ್ಜಿನಾ ಎಂದು ಕೇಳಿ, ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಹಸುಗಳ ಹಿಂದೆ ಹೋದವಳು ನಾನು. ಶಾಲೆಯೊಳಗೆ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುವ ದಿನ ಬರುತ್ತದೆ ಅಂತ ಯಾರು ಕಂಡಿದ್ದರು? ಒಂದು ಪುಟ್ಟ ಹುಡುಗಿ ಹತ್ತಿರ ಬಂದು, ತಟ್ಟೆಯನ್ನು ಬಿಸಿಲಿಗೆ ತಿರುಗಿಸಿ ಹಿಡಿದು, ಜಿಡ್ಡು ಹೋಗಿದೆಯಾ ಅಜ್ಜಿ ಅಂತ ಕೇಳಿದಳು. ಹೋಗಿದೆ ಕಂದ, ಹೋಗಿದೆ ಅಂದೆ. ಎಷ್ಟು ಸಲ ಅಂದೆನೋ, ಆ ಮಗು ನಗುತ್ತಾ ಓಡಿಹೋಯಿತು.

ಮನೆಗೆ ಬಂದ ಮೇಲೆ ಕಂಡಕಂಡವರಿಗೆಲ್ಲ ಹೇಳಿದೆ. ಹಾಲಿನವನಿಗೆ ಹೇಳಿದೆ, ಮೇಲಿನ ಮನೆಯ ಬಾಡಿಗೆಯವರಿಗೆ ಹೇಳಿದೆ, ಫೋನು ಮಾಡಿ ತಂಗಿಗೆ ಹೇಳಿದೆ. ಸಾಕು ಸುಮ್ಮನಿರಮ್ಮ, ದೃಷ್ಟಿ ಆಗುತ್ತದೆ ಅಂತ ನನ್ನ ಮಗ ಸೋಮು ಬೈದ. ಆದರೂ ಹೇಳಿ ತೀರಲಿಲ್ಲ. ಇದನ್ನು ಹೇಳಬೇಕಾದವಳು ಒಬ್ಬಳಿದ್ದಳು. ಅವಳ ಮನೆ ನಮ್ಮ ಎದುರಿಗೇ ಇತ್ತು. ಬಾಗಿಲಲ್ಲಿ ನಿಂತು ಕೂಗಿದರೆ ಸಾಕಾಗಿತ್ತು. ಈಗ ಆ ಜಾಗದಲ್ಲಿ ಹುಡುಗರ ಪಿ.ಜಿ. ಎದ್ದಿದೆ. ಬಾಲ್ಕನಿ ತುಂಬ ಟವೆಲ್ಲುಗಳು.

ಅವಳು ಗೌರಮ್ಮ. ನಾನು ಗೌರಿ ಅನ್ನುತ್ತಿದ್ದೆ, ಅವಳು ನನ್ನನ್ನು ಪುಟ್ಟಕ್ಕ ಅನ್ನುತ್ತಿದ್ದಳು.

ನಮ್ಮದು ಅಲ್ಲಾಳಸಂದ್ರ. ಈಗ ಯಲಹಂಕದ ಪಕ್ಕದ ಬಡಾವಣೆ ಅನ್ನುತ್ತಾರೆ. ನಾವು ಮದುವೆಯಾಗಿ ಬಂದಾಗ ರಾಗಿ, ಅವರೆ ಬೆಳೆಯುತ್ತಿದ್ದ ಹಳ್ಳಿ. ಗೌರಿ ಮತ್ತು ನಾನು ಒಂದೇ ವರ್ಷ ಸೊಸೆಯರಾಗಿ ಬಂದವರು. ಇಬ್ಬರೂ ಕೆರೆಯ ದಂಡೆಯಲ್ಲಿ ಕೂತು ಮರಳು ಹಾಕಿ ಪಾತ್ರೆ ತಿಕ್ಕಿದ್ದೇವೆ, ಅತ್ತೆಯರನ್ನು ಬೈದುಕೊಂಡಿದ್ದೇವೆ, ಬಸುರಿನಲ್ಲಿ ಮಣ್ಣು ತಿಂದು ಸಿಕ್ಕಿಬಿದ್ದಿದ್ದೇವೆ. ಆಗ ಯಾರ ಮನೆಯಲ್ಲಿ ಊಟವಾದರೂ ಮುತ್ತುಗದ ಎಲೆ. ಹಿಂದಿನ ದಿನವೇ ಹೆಂಗಸರೆಲ್ಲ ಕೂತು ಕಡ್ಡಿ ಚುಚ್ಚಿ ಎಲೆ ಹಚ್ಚುತ್ತಿದ್ದೆವು. ಉಂಡ ಮೇಲೆ ಎಲೆಯನ್ನು ಮನೆ ಹಿಂದಿನ ತಿಪ್ಪೆಗೆ ಎಸೆದರೆ ಮುಗಿಯಿತು, ಮುಂದಿನ ಬಿತ್ತನೆಗೆ ಅದೇ ಗೊಬ್ಬರ. ಆಮೇಲೆ ಹೊಲವೆಲ್ಲ ಸೈಟಾಯಿತು. ಕೊಟ್ಟಿಗೆ ಹೋಗಿ ಕಾರು ನಿಲ್ಲಿಸುವ ಜಾಗವಾಯಿತು. ನಾವು ಬಾಡಿಗೆ ಮನೆಗಳ ಓನರುಗಳಾದೆವು. ತಿಪ್ಪೆ ಹೋಯಿತು, ಎಸೆಯುವ ಕೈ ಮಾತ್ರ ಹಾಗೇ ಉಳಿಯಿತು. ಮುತ್ತುಗದ ಬದಲು ಪ್ಲಾಸ್ಟಿಕ್ ಮೆತ್ತಿದ ತಟ್ಟೆ ಬಂತು. ಅದನ್ನೂ ಮನೆ ಹಿಂದಕ್ಕೇ ಎಸೆದರು. ಹಿಂದೆ ತಿಪ್ಪೆ ಎಲ್ಲಿತ್ತು? ಕೆರೆಗೆ ಹೋಗುವ ಕಾಲುವೆ ಇತ್ತು.

ನಾನು ಹೇಳುತ್ತಿರುವುದು ಕೊರೊನಾ ಬರುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಊಟಗಳೋ ಊಟಗಳು. ರಾಮನವಮಿಗೆ ಪಾನಕ ಮಜ್ಜಿಗೆ ಹಂಚಿದರು, ದೇವರ ಉತ್ಸವಕ್ಕೆ ಬೀದಿಗೆ ಬೀದಿಯನ್ನೇ ಕೂರಿಸಿ ಅನ್ನ ಹಾಕಿದರು, ಮಧ್ಯೆ ಗೃಹಪ್ರವೇಶ, ನಾಮಕರಣ. ಮೇ ತಿಂಗಳ ಕೊನೆಗೆ ಒಂದು ಸಂಜೆ ಆಕಾಶ ಕಪ್ಪಾಗಿ ಮಳೆ ಹುಯ್ಯಿತು. ಬೆಂಗಳೂರಿನ ಬೇಸಿಗೆ ಮಳೆ ಗೊತ್ತಲ್ಲ, ಬಂದರೆ ಬಕೆಟ್ಟಿನಲ್ಲಿ ಎರಚಿದ ಹಾಗೆ. ಕಾಲುವೆಯ ನೀರು ಮುಂದೆ ಹೋಗಲಾರದೆ ತಿರುಗಿಕೊಂಡು ನಮ್ಮ ಬೀದಿಗೇ ಬಂತು. ಗೌರಿಯ ಮನೆ ತಗ್ಗಿನಲ್ಲಿತ್ತು. ಅವಳ ನಡುಮನೆಯಲ್ಲಿ ಮೊಣಕಾಲು ಮುಳುಗುವಷ್ಟು ನೀರು, ಆ ನೀರಿನ ಮೇಲೆ ತೇಲುವ ತಟ್ಟೆಗಳು. ಪಾನಕದ ಲೋಟಗಳೂ ಇದ್ದವು. ಅವಳ ಸೊಸೆ ರೂಪ ಆಗ ಐದು ತಿಂಗಳ ಬಸುರಿ. ಅವಳನ್ನು ದಿವಾನದ ಮೇಲೆ ಕೂರಿಸಿ, ಗೌರಿ ಸೀರೆ ಎತ್ತಿ ಕಟ್ಟಿ ನೀರು ತೋಡುತ್ತಿದ್ದಳು. ನಾನು ಹೋದಾಗ ಕೈಯಲ್ಲಿ ಒಂದು ತಟ್ಟೆ ಹಿಡಿದುಕೊಂಡು ನಕ್ಕಳು.

"ನೋಡಕ್ಕ, ನಾವ್ ಆಕಿದ್ ಊಟ ನಮ್ಮನೇಗೇ ವಾಪಸ್ ಬಂದೈತೆ."

ನಮ್ಮ ಚೈತ್ರ ಆಗ ಡಿಗ್ರಿ ಕೊನೇ ವರ್ಷದಲ್ಲಿದ್ದಳು. ಆ ಕೊಳಕು ನೀರಿಗೆ ನನ್ನ ಜೊತೆ ಇಳಿದವಳು ಅವಳು. ಅವತ್ತು ಅವಳ ಮುಖ ನೋಡಿದ್ದೆ, ಏನೋ ಹಿಡಿದುಕೊಂಡಿದ್ದಾಳೆ ಅಂತ ಗೊತ್ತಾಯಿತು. ಮುಂದಿನ ಭಾನುವಾರದಿಂದ ನಮ್ಮ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಬೀದಿಯ ಮಕ್ಕಳನ್ನು ಕೂರಿಸಿ ಪಾಠ ಶುರುಮಾಡಿದಳು. ಪಾಠ ಅಂದರೆ ಪುಸ್ತಕವಿಲ್ಲ. ಮಕ್ಕಳನ್ನು ಕಾಲುವೆಯ ಗುಂಟ ಕೆರೆಯವರೆಗೆ ನಡೆಸಿಕೊಂಡು ಹೋಗುವುದು, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ತೋರಿಸುವುದು, ಯಾವ ಮನೆಯಿಂದ ಏನು ಬೀಳುತ್ತದೆ ಅವರ ಬಾಯಲ್ಲೇ ಹೇಳಿಸುವುದು. ಮಕ್ಕಳು ಮನೆಗೆ ಹೋಗಿ ಅಪ್ಪಅಮ್ಮನ ಮಾನ ತೆಗೆಯುವುದು. ಸೋಮುವಿನ ಸ್ನೇಹಿತರು ಮೂಲೆಯ ಟೀ ಅಂಗಡಿಯಲ್ಲಿ ನಿಂತು, ಏನ್ ಗುರು, ಮಗಳನ್ನ ಕಾರ್ಪೊರೇಷನ್ನಿಗೆ ಸೇರಿಸಿದ್ಯಾ ಅಂತ ರೇಗಿಸಿದರು. ಸೋಮು ಮನೆಗೆ ಬಂದು ಆ ಸಿಟ್ಟನ್ನು ನನ್ನ ಮೇಲೆ ಹಾಕಿದ. ನಾನು ಕೇಳಿದರೆ ತಾನೆ? ನನಗೆ ಹಿಗ್ಗೋ ಹಿಗ್ಗು. ಇಷ್ಟು ವರ್ಷ ಎಲ್ಲರೂ ಆ ಕಾಲುವೆಗೆ ಬೆನ್ನು ಹಾಕಿ ಮನೆ ಕಟ್ಟಿದ್ದೆವು. ಅದರ ಕಡೆ ಮುಖ ಮಾಡಿ ನಿಂತವಳು ನನ್ನ ಮೊಮ್ಮಗಳು.

ತಟ್ಟೆಯ ಯೋಚನೆ ಅವಳಿಗೆ ಬಂದದ್ದು ಅಲ್ಲೇ. ಬೀದಿಯ ಪ್ರತಿ ಮನೆಯ ಅಟ್ಟದ ಮೇಲೂ ಸ್ಟೀಲ್ ತಟ್ಟೆ ಲೋಟ ಸುಮ್ಮನೆ ಬಿದ್ದಿರುತ್ತವೆ, ಎಲ್ಲರೂ ಒಂದಿಷ್ಟು ಕೊಟ್ಟರೆ ಬೀದಿಗೆಲ್ಲ ಸೇರಿದ ತಟ್ಟೆಗಳಾಗುತ್ತವೆ, ಯಾರ ಮನೆಯಲ್ಲಿ ಊಟವಿದ್ದರೂ ಒಯ್ದು ಉಂಡು ತೊಳೆದು ವಾಪಸ್ ಇಡಬಹುದು, ಎಸೆಯುವ ತಟ್ಟೆಯೇ ಬೇಡ ಅಂದಳು. ಗೌರಿ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ನಮ್ಮ ಕಾಲದಲ್ಲಿ ಮದುವೆಗೆ ಊರಿನ ಕಡಾಯಿ, ಕೊಳದಪ್ಪಲೆ ಹೀಗೇ ಮನೆಮನೆ ತಿರುಗುತ್ತಿದ್ದವು. ಮರೆತಿದ್ದೆವು ಅಷ್ಟೆ.

ಮಕ್ಕಳು ಗೋಣಿಚೀಲ ಹಿಡಿದು ಹೊರಟರು. ಕೆಲವರು ಬಾಗಿಲು ಹಾಕಿಕೊಂಡರು. ಊಟಕ್ಕೆ ಕರೆದರೆ ಇನ್ನು ಪಾತ್ರೆ ತೊಳೆಯುವುದಕ್ಕೂ ಕರೆಯುತ್ತಾರೆ ಅಂತ ಒಬ್ಬರು ನಕ್ಕರು. ಆದರೆ ಕೊಟ್ಟವರು ಕೈತುಂಬ ಕೊಟ್ಟರು. ನಮ್ಮವರಲ್ಲಿ ಪಾತ್ರೆ ಅಂದರೆ ಹೆಸರು ಇರಲೇಬೇಕು. ಅಂಗಡಿಯವನು ಮಿಷನ್ನಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದುಕೊಡುತ್ತಾನೆ. ಮದುವೆಗೆ ಕೊಟ್ಟವರ ಹೆಸರು, ಗೃಹಪ್ರವೇಶಕ್ಕೆ ಬಂದವರ ಹೆಸರು. ನಮ್ಮ ಕಾರಿನ ಜಾಗದಲ್ಲಿ ಆ ತಟ್ಟೆಗಳನ್ನು ಪೇರಿಸಿಟ್ಟಾಗ ಬೀದಿಯ ಬಂಧುಬಳಗವೆಲ್ಲ ಒಟ್ಟಿಗೆ ಬಂದು ಕೂತ ಹಾಗಿತ್ತು.

ಗೌರಿ ತನ್ನ ಊರಿನಿಂದ ಅಂಟುವಾಳದ ಕಾಯಿ ತರಿಸಿದಳು. ಸೋಪಿನ ನೀರು ಹೋದರೂ ಅದೇ ಕಾಲುವೆಗೆ ತಾನೆ ಅಂತ ಅವಳದೇ ಮಾತು. ಇಬ್ಬರೂ ನಮ್ಮ ತಾರಸಿಯ ಮೇಲೆ ಕೂತು ಎರಡು ದಿನ ತಿಕ್ಕಿದೆವು. ತಲೆಯ ಮೇಲೆ ಯಲಹಂಕದ ವಿಮಾನಗಳು ಗುಡುಗಿಕೊಂಡು ಹೋಗುತ್ತಿದ್ದವು. ಆ ಸದ್ದಿನಲ್ಲಿ ಮಾತು ಕೇಳದೆ ಇಬ್ಬರೂ ಕಿರುಚಿಕೊಳ್ಳುತ್ತಿದ್ದೆವು.

"ನಿನ್ ಮೊಮ್ಮಗ್ಳು ನಮ್ಮನ್ನ ಮತ್ತೆ ಕೆರೆ ದಂಡೆಗೇ ಕೂರಿಸವ್ಳೆ ಕಣಕ್ಕ," ಅಂದಳು ಗೌರಿ.

"ನಿನ್ನತ್ತೆ ಒಬ್ಳು ಇಲ್ಲ, ಬೈಯಕ್ಕೆ."

"ಬೈಯಕ್ಕೆ ಈಗ ನಾನೇ ಅತ್ತೆ. ರೂಪ ಮನೇಲಿ ಕೂತು ನನ್ನ ಬೈಕೊತಿರ್ತಾಳೆ ಬಿಡು."

ಹೀಗೆ ನಕ್ಕ ದಿನಗಳು ಅವು. ಮೊದಲು ಒಂದು ಮಗುವಿನ ಹುಟ್ಟುಹಬ್ಬಕ್ಕೆ ತಟ್ಟೆ ಹೋಯಿತು. ಆಮೇಲೆ ಒಂದು ಸತ್ಯನಾರಾಯಣ ಪೂಜೆಗೆ. ಎರಡೂ ಬಾಡಿಗೆ ಮನೆಯವರದು. ಹಳೇ ಮನೆಗಳವರು ಮಾತ್ರ ಇನ್ನೂ ಹಿಂದೆ ಮುಂದೆ ನೋಡುತ್ತಿದ್ದರು. ಯಾರ್ಯಾರು ಉಂಡ ತಟ್ಟೆಯೋ ಅನ್ನುವುದು ಅವರ ಅನುಮಾನ. ಹಳೇ ಮನೆಯವರು ಒಬ್ಬರು ಮುಂದೆ ಬಂದರೆ ಉಳಿದವರು ಬರುತ್ತಾರೆ, ಬರದಿದ್ದರೆ ಇದು ಮಕ್ಕಳಾಟವಾಗಿ ನಿಂತುಹೋಗುತ್ತದೆ ಅಂತ ಚೈತ್ರ ಚಡಪಡಿಸುತ್ತಿದ್ದಳು. ಅವಳ ಚಡಪಡಿಕೆ ನೋಡಿದ್ದೇ ಗೌರಿ ಒಂದು ದಿನ ಬಂದು ನಮ್ಮ ಮೆಟ್ಟಿಲ ಮೇಲೆ ಕೂತಳು. ರೂಪನ ಸೀಮಂತ ತವರಿನವರು ದೊಡ್ಡಬಳ್ಳಾಪುರದಲ್ಲಿ ಛತ್ರ ಹಿಡಿದು ಮಾಡುತ್ತೇವೆ ಅಂದಿದ್ದರಂತೆ. ಬೇಡ, ನಮ್ಮ ತಾರಸಿ ಮೇಲೇ ಮಾಡಿ, ಬೀದಿ ತಟ್ಟೆಯಲ್ಲೇ ಊಟ ಹಾಕುತ್ತೇನೆ ಅಂತ ಹೇಳಿ ಒಪ್ಪಿಸಿ ಬಂದಿದ್ದಳು. ಅವಳು ಯಾರಿಗೋಸ್ಕರ ಅದನ್ನು ಮಾಡಿದಳು ಅಂತ ನನಗೆ ಗೊತ್ತಿತ್ತು. ನನ್ನ ಮೊಮ್ಮಗಳಿಗೋಸ್ಕರ, ಅಂದರೆ ನನಗೋಸ್ಕರ. ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೆಳತಿಯರಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ.

ಸೀಮಂತದ ದಿನ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಆಷಾಢ ಕಳೆದ ಮೇಲಿನ ತಣ್ಣನೆಯ ಗಾಳಿ. ರೂಪ ಹಸಿರು ಸೀರೆ, ಹಸಿರು ಬಳೆ, ಮೊಗ್ಗಿನ ಜಡೆಯಲ್ಲಿ ದೇವಿಯ ಹಾಗೆ ಕೂತಿದ್ದಳು. ಹಳೇ ಮನೆಗಳವರೆಲ್ಲ ಬಂದಿದ್ದರು. ಆರತಿಯಾಯಿತು, ಮಡಿಲು ತುಂಬಿದ್ದಾಯಿತು, ಬೀದಿಯ ಹುಡುಗಿಯರು ತಟ್ಟೆಗಳನ್ನು ಒರೆಸಿ ಒರೆಸಿ ಕೊಟ್ಟರು. ಬಸುರಿಗೆ ಮಾತ್ರ ಬಾಳೆಲೆ ಹಾಕಿ ಅಂತ ಯಾರೋ ಅಂದರು. ಗೌರಿ ಒಪ್ಪಲಿಲ್ಲ. ನನ್ನ ಸೊಸೆಯೇ ಉಣ್ಣದಿದ್ದರೆ ಬೇರೆಯವರಿಗೆ ಏನಂತ ಹಾಕಲಿ ಅಂದಳು. ಪೇರಿಸಿಟ್ಟ ತಟ್ಟೆಗಳಲ್ಲಿ ಹುಡುಕಿ ಹುಡುಕಿ, ಎಲ್ಲಕ್ಕಿಂತ ಹೊಳೆಯುವ, ಒಂದು ಗೀರೂ ಇಲ್ಲದ ತಟ್ಟೆಯನ್ನು ಆರಿಸಿ ಸೊಸೆಯ ಮುಂದೆ ತಾನೇ ಇಟ್ಟಳು. ಸಿಹಿ ಬಡಿಸಿದಳು, ಚಿತ್ರಾನ್ನ ಬಡಿಸಿದಳು.

ಆ ತಟ್ಟೆ ಯಾಕೆ ಅಷ್ಟು ಹೊಸದಾಗಿತ್ತು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಪಾತ್ರೆ ಅಂದರೆ ಹೆಸರು ಇದ್ದೇ ಇರುತ್ತದೆ ಅಂತ, ಎರಡು ದಿನ ತಿಕ್ಕಿದ ನಾನೂ ಅಂಚು ಓದಿ ನೋಡಿರಲಿಲ್ಲ. ನಮ್ಮಲ್ಲಿ ಹಿರಿಯರು ತೀರಿಕೊಂಡಾಗ ತಿಥಿಯ ದಿನ ಬಂದವರಿಗೆಲ್ಲ ಅವರ ಹೆಸರು ಕೊರೆಸಿದ ತಟ್ಟೆಯೋ ಲೋಟವೋ ಹಂಚುವ ಪದ್ಧತಿ ಇದೆ. ಅದನ್ನು ಬೇಡ ಅನ್ನುವ ಹಾಗಿಲ್ಲ, ಮನೆಗೆ ತಂದು ಉಣ್ಣುವುದಕ್ಕೂ ಮನಸ್ಸು ಬರುವುದಿಲ್ಲ. ಎಲ್ಲರೂ ಅಟ್ಟಕ್ಕೆ ಹಾಕುತ್ತಾರೆ. ಹಾಗಾಗಿ ಬೀದಿಯ ಮಕ್ಕಳು ಗೋಣಿಚೀಲ ಹಿಡಿದು ಬಾಗಿಲಿಗೆ ಬಂದಾಗ ಜನ ಅಟ್ಟದಿಂದ ಮೊದಲು ಇಳಿಸಿ ಕೊಟ್ಟದ್ದು ಅವನ್ನೇ. ತಾವು ಬಳಸಲಾರದ್ದನ್ನು ಬೀದಿಗೆ ಕೊಟ್ಟಿದ್ದರು, ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಅಲ್ಲಿದ್ದ ಹೊಸ ತಟ್ಟೆಗಳಲ್ಲಿ ಮುಕ್ಕಾಲುಪಾಲು ಸತ್ತವರ ತಟ್ಟೆಗಳು. ಗೌರಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಒಲೆಯ ಹತ್ತಿರ ಹುಳಿ ತೋಡುತ್ತಿದ್ದೆ.

ರೂಪನ ಪಕ್ಕದಲ್ಲಿ ಕೂತಿದ್ದ ಅವಳ ಚಿಕ್ಕಮ್ಮ ದೊಡ್ಡಬಳ್ಳಾಪುರದಲ್ಲಿ ಟೀಚರು. ತಟ್ಟೆಯ ಅಂಚಿನ ಮೇಲೆ ಕಣ್ಣು ಹೋಗಿ, ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿಬಿಟ್ಟರು: "ಕೀರ್ತಿಶೇಷ ಮುನಿರಾಜಪ್ಪನವರ ನೆನಪಿಗಾಗಿ."

ಮೂಲೆ ಮನೆಯ ಮುನಿರಾಜಪ್ಪನವರು ಆ ವರ್ಷದ ಸಂಕ್ರಾಂತಿಗೆ ತೀರಿಕೊಂಡಿದ್ದರು. ರೂಪ ಕೈಯಲ್ಲಿದ್ದ ತುತ್ತನ್ನು ಹಾಗೇ ತಟ್ಟೆಗೆ ಇಟ್ಟಳು. ಅವಳ ತಾಯಿ ಎದ್ದು ಬಂದರು. ತಾರಸಿಯ ಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ತಟ್ಟೆಯ ಅಂಚು ನೋಡಿಕೊಳ್ಳತೊಡಗಿದರು. ಆ ನೋಟ ಇನ್ನೂ ನನ್ನ ಕಣ್ಣಲ್ಲಿದೆ. ಯಾರೂ ಕೂಗಾಡಲಿಲ್ಲ. ಎದ್ದು ಕೈ ತೊಳೆದರು, ಅಷ್ಟೆ. ಬಡಿಸಿದ ಅನ್ನ ಬಡಿಸಿದ ಹಾಗೇ ಇತ್ತು.

ಚೈತ್ರ ಓಡಿ ಬಂದಳು. ಇಪ್ಪತ್ತು ದಾಟಿದ ಹುಡುಗಿ, ಅವಳಿಗೆ ಕಣ್ಣೆದುರು ತನ್ನ ಕೆಲಸ ಕುಸಿಯುವುದು ಕಂಡಿತ್ತೇ ಹೊರತು ಇನ್ನೇನೂ ಕಾಣಲಿಲ್ಲ.

"ಗೌರಜ್ಜಿ, ಅದ್ರಲ್ಲೇನಿದೆ? ನೀಟಾಗಿ ತೊಳ್ದಿದೀವಿ. ಹೆಸರಿದ್ರೆ ಏನಾಗತ್ತೆ, ತಟ್ಟೆ ತಟ್ಟೇನೇ ಅಲ್ವಾ?"

ಗೌರಿ ಆ ತಟ್ಟೆಯನ್ನು ಎತ್ತಿಕೊಂಡು, ಸೆರಗಿನಿಂದ ಮುಚ್ಚಿಕೊಂಡಿದ್ದಳು. ಮೆಲ್ಲಗೆ ಅಂದಳು, "ನಿಂಗೆ ಓದಕ್ ಬತ್ತದೆ ಮಗ. ನಂಗ್ ಬರಲ್ಲ."

ಅಷ್ಟೇ ಅಂದದ್ದು. ಸಿಟ್ಟಿನಿಂದ ಅಂದಿದ್ದರೆ ಚೈತ್ರ ತಡೆದುಕೊಳ್ಳುತ್ತಿದ್ದಳೇನೋ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಅದಾಗಿ ಕೆಲವೇ ದಿನಕ್ಕೆ ರೂಪನಿಗೆ ನೋವು ಬಂತು, ದಿನ ತುಂಬುವ ಮೊದಲೇ. ಕೂಸು ಹೆಣ್ಣು, ಅಂಗೈಯಷ್ಟು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಡಾಕ್ಟರು ರಕ್ತದೊತ್ತಡದಿಂದ ಹೀಗಾಗಿದೆ, ಮೊದಲಿಂದಲೂ ಇತ್ತು ಅಂದರಂತೆ. ಆದರೆ ಬೀದಿಯಲ್ಲಿ ಡಾಕ್ಟರ ಮಾತು ಯಾರಿಗೆ ಬೇಕು. ಹಾಲು ತರಲು ಹೋದರೆ ಅದೇ ಮಾತು, ಸೊಪ್ಪಿನ ಗಾಡಿಯ ಹತ್ತಿರ ಅದೇ ಮಾತು. ತಟ್ಟೆ ಕೊಟ್ಟವರು ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು ನೋಡಿಕೊಂಡು ವಾಪಸ್ ಒಯ್ದರು. ಮುನಿರಾಜಪ್ಪನವರ ಸೊಸೆ ಕೂಡ ಬಂದು, ನಮ್ಮ ಮಾವನ ಹೆಸರು ಹೀಗೆ ಬೀದೀಲಿ ಆಡುವ ಹಾಗಾಯಿತಲ್ಲ ಅಂತ ಕಣ್ಣೊರೆಸಿಕೊಂಡು ಹೋದಳು. ಅವಳದೂ ತಪ್ಪಿಲ್ಲ.

ನಾನು ಫ್ಲಾಸ್ಕಿನಲ್ಲಿ ರಾಗಿ ಗಂಜಿ ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಗೌರಿ ಬೆಂಚಿನ ಮೇಲೆ ಕೂತಿದ್ದಳು. ಫ್ಲಾಸ್ಕು ತೆಗೆದುಕೊಂಡಳು, ಪಕ್ಕದಲ್ಲಿಟ್ಟುಕೊಂಡಳು. ನನ್ನ ಮುಖ ನೋಡಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಒಂದು ಮಧ್ಯಾಹ್ನ ಪೂರ್ತಿ ಹಾಗೇ ಕೂತಿದ್ದೆವು, ಬಾಯಿ ಬಿಟ್ಟರೆ ಏನು ಬರುತ್ತದೋ ಅನ್ನುವ ಭಯ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಸುಮ್ಮನೆ ಕೂತದ್ದೇ ಇಲ್ಲ. ಅವಳಿಗೆ ನನ್ನ ಮೇಲೆ ಕೋಪ ಅಂದುಕೊಂಡೆ. ಇರಲೇಬೇಕು ಅಂತಲೂ ಅನ್ನಿಸಿತು.

ಕೂಸು ಉಳಿಯಿತು. ಗುಂಡುಗುಂಡಗೆ ಮನೆಗೆ ಬಂತು. ನಾಮಕರಣ ದೊಡ್ಡಬಳ್ಳಾಪುರದಲ್ಲಾಯಿತು. ನಮಗೆ ಕರೆ ಬರಲಿಲ್ಲ. ನಡುವೆ ಬಂದ ಗಣಪತಿ ಹಬ್ಬಕ್ಕೆ ನಮ್ಮ ಬೀದಿಯಲ್ಲಿ ಮತ್ತೆ ಪ್ಲಾಸ್ಟಿಕ್ ತಟ್ಟೆಯಲ್ಲೇ ಪುಳಿಯೋಗರೆ ಹಂಚಿದರು, ಮಾರನೇ ದಿನ ಅವು ಕಾಲುವೆಯಲ್ಲಿದ್ದವು. ಭಾನುವಾರ ಮಕ್ಕಳು ಬಂದು ಗೇಟಿನ ಹತ್ತಿರ ನಿಂತರೆ ಚೈತ್ರ ಪರೀಕ್ಷೆ ಇದೆ ಅಂತ ಹೇಳಿ ಕಳಿಸುತ್ತಿದ್ದಳು. ಆಮೇಲೆ ಮಕ್ಕಳೂ ಬರುವುದು ಬಿಟ್ಟರು. ಸೋಮು ಆ ಜಾಗದಲ್ಲಿ ಮತ್ತೆ ಕಾರು ನಿಲ್ಲಿಸಿದ. ಅವರೆಕಾಯಿ ಕಾಲ ಬಂತು. ಪ್ರತಿ ವರ್ಷ ಗೌರಿಯೂ ನಾನೂ ಒಂದೇ ಮೊರದಲ್ಲಿ ಕಾಯಿ ಬಿಡಿಸಿ, ಒಂದೇ ಪಾತ್ರೆಯಲ್ಲಿ ನೆನೆಹಾಕಿ, ಕಾಳು ಹಿದುಕಿ ಹಂಚಿಕೊಳ್ಳುತ್ತಿದ್ದೆವು. ಆ ವರ್ಷ ಅವಳ ಕಡೆ ಬಾಗಿಲಿನಿಂದ ಸೊಗಡಿನ ವಾಸನೆ ಬಂತು, ನಮ್ಮ ಕಡೆಯಿಂದಲೂ ಹೋಗಿರಬೇಕು.

ಮಳೆ ಬಂದರೆ ನೀರು ನುಗ್ಗುವ ಮನೆ ಬೇಡ ಅಂತ ಅವಳ ಮಗ ಮಂಜು ಅದನ್ನು ಬಿಲ್ಡರಿಗೆ ಕೊಟ್ಟು ನಾಗಸಂದ್ರದಲ್ಲಿ ಫ್ಲಾಟ್ ತೆಗೆದುಕೊಂಡ. ಅವನ ಕೆಲಸವೂ ಆ ಕಡೆಯ ಕಾರ್ಖಾನೆಯಲ್ಲೇ ಇತ್ತು. ಲಾರಿಗೆ ಸಾಮಾನು ಹೇರಿದ ದಿನ ಗೌರಿ ನಮ್ಮ ಗೇಟಿನವರೆಗೆ ಬಂದಳು. ನಾನು ಕುಂಕುಮ ತಂದು ಕೊಟ್ಟೆ. ಕೂಸನ್ನು ನನ್ನ ಕೈಗೆ ಕೊಡುತ್ತಾಳೇನೋ ಅಂತ ನೋಡಿದೆ. ಕೂಸು ರೂಪನ ತೋಳಲ್ಲಿ, ಕಾರಿನೊಳಗಿತ್ತು.

"ಬತ್ತೀನಿ ಪುಟ್ಟಕ್ಕ," ಅಂದಳು.

"ಊಂ," ಅಂದೆ.

ನಲವತ್ತು ಐವತ್ತು ವರ್ಷ ಎದುರುಬದುರು ಬಾಳಿದವರು ನಾವು. ಊಂ ಅಂತೆ. ಇನ್ನೊಂದು ಮಾತು ಆಡುವುದಕ್ಕೆ ನನಗೆ ಏನು ಬಂದಿತ್ತು?

ಆಮೇಲಿನದು ಬೇಗ ಹೇಳುತ್ತೇನೆ. ಹೋಗಿ ನೋಡಿ ಬರಬೇಕು ಅಂತ ಪ್ರತಿ ಹಬ್ಬಕ್ಕೂ ಅಂದುಕೊಂಡೆ. ಕೊರೊನಾ ಬಂತು, ಬಾಗಿಲಿಂದ ಆಚೆ ಕಾಲಿಡುವ ಹಾಗಿರಲಿಲ್ಲ. ಅದು ಹೋದ ಮೇಲೆ ಮಂಡಿನೋವು ಬಂತು. ಚೈತ್ರ ಬಿ.ಎಡ್. ಮಾಡಿ ಮೇಡಂ ಆದಳು. ಅವಳು ಕೆಲಸಕ್ಕೆ ಸೇರಿದ ಮೇಲೆ ನಮ್ಮ ಬೀದಿಯಲ್ಲಿ ಮತ್ತೆ ತಟ್ಟೆ ಶುರುವಾಯಿತು. ಈ ಸಲ ಅವಳು ಹೆಸರಿಲ್ಲದ, ಹೊಸ ತಟ್ಟೆಗಳನ್ನೇ ತರಿಸಿದಳು. ಶುರುಮಾಡುವ ಮೊದಲು ಹಳೇ ಮನೆಗಳಿಗೆಲ್ಲ ಹೋಗಿ, ಯಾವುದಕ್ಕೆ ಬಳಸಬಹುದು ಯಾವುದಕ್ಕೆ ಬೇಡ ಅಂತ ಕೂತು ಕೇಳಿಕೊಂಡು ಬಂದಳು. ಹಾಗೆ ಕೇಳುವುದನ್ನು ಅವಳಿಗೆ ಕಲಿಸಿದವಳು ಗೌರಿ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಈಗ ನಮ್ಮ ಬೀದಿಯ ಮದುವೆಗಳೂ ಅದರಲ್ಲೇ ಆಗುತ್ತವೆ. ಅದನ್ನು ನೋಡಿದಾಗಲೆಲ್ಲ ನನಗೆ ಕುಣಿಯುವ ಹಾಗಾಗುತ್ತದೆ, ಆ ಕ್ಷಣವೇ ಎದುರಿನ ಪಿ.ಜಿ. ಕಡೆ ಕಣ್ಣು ಹೋಗುತ್ತದೆ.

ಹೋದ ವರ್ಷ ಮಂಜುವಿನ ಫೋನು ಬಂತು. ಗೌರಿ ಮಲಗಿದವಳು ಏಳಲಿಲ್ಲವಂತೆ. ಮಣ್ಣಿಗೆ ಹೋಗಲಾಗಲಿಲ್ಲ, ಅಷ್ಟು ಬೇಗ ಮುಗಿಸಿಬಿಟ್ಟಿದ್ದರು. ತಿಥಿಯ ದಿನ ಸೋಮು ಜೊತೆಗೆ ಬಂದ, ಯಶವಂತಪುರದವರೆಗೆ ಬಸ್ಸು, ಅಲ್ಲಿಂದ ಮೆಟ್ರೊ. ಕೂತ ಸೀಟು ಬಿಸಿಯಾಗುವಷ್ಟರಲ್ಲಿ ನಾಗಸಂದ್ರ ಬಂದುಬಿಟ್ಟಿತು. ಇಷ್ಟು ಹತ್ತಿರವಾ ಅಂತ ಸೋಮುವನ್ನು ಕೇಳಿದೆ.

ಅವರ ಕಟ್ಟಡದ ತಾರಸಿಯ ಮೇಲೆ ಊಟ. ಕೂತಿದ್ದವರ ಮುಂದೆಲ್ಲ ಸ್ಟೀಲ್ ತಟ್ಟೆಗಳು. ಮಂಜು ಬಾಡಿಗೆಗೆ ತಂದಿದ್ದಾನೆ ಅಂದುಕೊಂಡೆ. ನನ್ನ ಮುಂದೆ ಇಟ್ಟದ್ದರ ಅಂಚು ನೋಡಿದರೆ ಯಾರೋ ಗೊತ್ತಿಲ್ಲದ ಹಿರಿಯರ ಹೆಸರು, ನೆನಪಿಗಾಗಿ ಅಂತ ಕೊರೆದಿತ್ತು. ಪಕ್ಕದವರದರಲ್ಲಿ ಇನ್ನೊಂದು ಹೆಸರು. ಮೂಲೆಯಲ್ಲಿ ಅಪಾರ್ಟ್‌ಮೆಂಟಿನ ಹೆಂಗಸರು, ಕನ್ನಡದವರು ತಮಿಳಿನವರು ಎಲ್ಲರೂ ಸೇರಿ, ಉಂಡ ತಟ್ಟೆಗಳನ್ನು ತೊಳೆದು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಕಲಸಿದ ತುತ್ತನ್ನು ತಟ್ಟೆಗೇ ಇಟ್ಟೆ. ರೂಪ ಬಂದು ಪಕ್ಕದಲ್ಲಿ ಕೂತಳು. ಅವಳ ಮಗಳು, ಆ ಗಾಜಿನ ಪೆಟ್ಟಿಗೆಯ ಕೂಸು, ಎರಡು ಜಡೆ ಹಾಕಿಕೊಂಡು ಎಲ್ಲರಿಗೂ ನೀರು ಕೊಡುತ್ತಾ ಓಡಾಡುತ್ತಿತ್ತು.

ರೂಪ ಹೇಳಿದಳು. ಇಲ್ಲಿಗೆ ಬಂದ ವರ್ಷವೇ ಗೌರಿ ಕೆಳಗಿನ ಮನೆಯಿಂದ ಮೇಲಿನ ಮನೆಯವರೆಗೆ ಬಾಗಿಲು ಬಡಿದು ತಟ್ಟೆ ಕೇಳಿದಳಂತೆ. ಭಾಷೆ ಬಾರದವರ ಹತ್ತಿರ ಕೈಸನ್ನೆಯಲ್ಲಿ ಕೇಳಿದಳಂತೆ. ಬಂದದ್ದನ್ನೆಲ್ಲ ಎರಡು ಗಂಟು ಕಟ್ಟಿದಳು. ಹಿರಿಯರ ಹೆಸರಿನವು ಬಿಳಿ ಬಟ್ಟೆಯಲ್ಲಿ, ತಿಥಿಗೆ ಮತ್ತು ಪಿತೃಪಕ್ಷಕ್ಕೆ. ಉಳಿದವು ಕೆಂಪು ಬಟ್ಟೆಯಲ್ಲಿ, ಶುಭಕ್ಕೆ. ಅಕ್ಷರ ಬಾರದವಳು, ಪ್ರತಿ ಸಲ ತಟ್ಟೆ ಹೊರಡುವ ಮೊದಲು ಯಾರಾದರೂ ಹುಡುಗಿಯನ್ನು ಕೂರಿಸಿಕೊಂಡು ಒಂದೊಂದನ್ನೂ ಓದಿಸುತ್ತಿದ್ದಳಂತೆ. ಸತ್ತವರ ಹೆಸರನ್ನು ಅಟ್ಟದ ಮೇಲೆ ಕತ್ತಲಲ್ಲಿ ಇಡುವುದಕ್ಕಿಂತ ಅವರ ಹೆಸರಿನಲ್ಲಿ ನಾಲ್ಕು ಜನ ಉಣ್ಣಲಿ ಅನ್ನುತ್ತಿದ್ದಳಂತೆ. ಕೇಳಿದವರಿಗೆಲ್ಲ, ಇದು ನಂದಲ್ಲ, ನಮ್ಮ ಪುಟ್ಟಕ್ಕನ ಮೊಮ್ಮಗಳದು, ಅವಳು ನಮ್ಮೂರಲ್ಲಿ ಮಾಡಿದ್ದು ಅಂತ ಹೇಳುತ್ತಿದ್ದಳಂತೆ.

ನಮಗೆ ಎರಡು ಗಂಟು ಹೊಳೆದಿರಲಿಲ್ಲ. ನಾವು ಹೆಸರಿದ್ದ ತಟ್ಟೆಗಳನ್ನೇ ದೂರ ಇಟ್ಟೆವು. ಅವಳು ಯಾರನ್ನೂ ದೂರ ಇಡಲಿಲ್ಲ. ಇಷ್ಟನ್ನೆಲ್ಲ ಮಾಡಿದವಳು, ಹೆಮ್ಮೆಯಿಂದ ನಮ್ಮ ಹೆಸರು ಹೇಳಿದವಳು ಅವಳು. ನಾನು ಅಲ್ಲಾಳಸಂದ್ರದಲ್ಲಿ ಬಾಗಿಲ ಬಳಿ ಕೂತು ಅವಳ ಕೋಪ ಇಳಿಯಲಿ ಅಂತ ಕಾಯುತ್ತಿದ್ದೆ. ನನಗೆ ಸಂತೋಷವೂ ದುಃಖವೂ ಒಟ್ಟಿಗೇ ನುಗ್ಗಿ ಬಂತು, ಯಾವುದು ಯಾವುದು ಅಂತ ತಿಳಿಯಲಿಲ್ಲ. ಜನರೆಲ್ಲ ನೋಡುತ್ತಿದ್ದರೂ ಅತ್ತುಬಿಟ್ಟೆ.

"ಒಂದ್ ಮಾತು ಯೇಳ್ ಕಳಿಸ್ಬಾರ್ದಿತ್ತಾ ರೂಪ, ನಿಮ್ಮತ್ತೆ? ಒಂದ್ ಫೋನ್ ಮಾಡಿದ್ರೆ ಓಡಿ ಬತ್ತಿದ್ನಲ್ಲ. ನನ್ ಮೇಲೆ ಅಷ್ಟ್ ಕೋಪನಾ?"

ರೂಪ ನನ್ನ ಎಂಜಲು ಕೈಯನ್ನೇ ಹಿಡಿದುಕೊಂಡಳು.

"ಕೋಪ ಎಲ್ಲಿತ್ತು ದೊಡ್ಡಮ್ಮ. ನಮ್ಮತ್ತೆ ಯಾವಾಗ್ಲೂ, ಆ ತಟ್ಟೆ ಆರಿಸಿದ್ದು ನಾನು, ನನ್ನಿಂದ ಚೈತ್ರನ ಕೆಲಸ ಹಾಳಾಯ್ತು, ಪುಟ್ಟಕ್ಕನ ಮುಂದೆ ಹೆಂಗ್ ನಿಲ್ಲಲಿ ಅಂತಿದ್ರು. ನಿಮ್ ಫೋನ್ ಬರತ್ತೆ ಅಂತ ಕಾಯ್ತಿದ್ರು. ಈಗ ನೀವ್ ಕೇಳಿದ್ರಲ್ಲ, ಇದೇ ಮಾತು ಅವರೂ ನನ್ನ ಕೇಳ್ತಿದ್ರು."